ಮಡ್ಡಿ ಧೂಪ ಮದ್ದೇ ಇರಬಹುದು, ಮಾತ್ರೆ ಬಿಡಬೇಡಿ

ಹೊಸ ಮೆಕ್ಕೆಜೋಳದ ಬೀಜ ಹಿಡಿದುಕೊಂಡು ಕಂಪನಿಯವನು ಊರಿಗೆ ಬಂದರೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? "ಯಾರ ಹೊಲದಾಗ ಬೆಳೆದೈತಿ, ತೋರ್ಸಪ್ಪ." ಎರಡನೆಯದು, "ಪಕ್ಕದಾಗ ಹಳೇ ಬೀಜ ಹಾಕಿದ್ರೇನು? ಅದೆಷ್ಟು ಬಂತು, ಇದೆಷ್ಟು ಬಂತು?" ಈ ಎರಡಕ್ಕೆ ಉತ್ತರ ಸಿಗದಿದ್ದರೆ ಚಹಾ ಕುಡಿಸಿ ಕಳಿಸುತ್ತೇವೆ. ಬೀಜದ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು ಔಷಧದ ಮಾತು ಬಂದಾಗ ಮಾತ್ರ ಯಾಕೆ ಕೇಳಿದ್ದೆಲ್ಲ ನಂಬುತ್ತೇವೆ? ಮೂರು ವರ್ಷದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಬೇರೆಯವರನ್ನು ದೂರಲು ಬರೆಯುತ್ತಿಲ್ಲ. ಹಾಗೆ ನಂಬಿದವರಲ್ಲಿ ನಾನೇ ಮೊದಲಿಗ.

ನನ್ನದು ಹರಪನಹಳ್ಳಿ ತಾಲ್ಲೂಕು ಅರಸೀಕೆರೆ ಹೋಬಳಿ. ಮಳೆ ನಂಬಿದ ಐದು ಎಕರೆ, ಬೋರು ನಂಬಿದ ಒಂದೂವರೆ ಎಕರೆ. ಮೆಕ್ಕೆಜೋಳ, ಶೇಂಗಾ, ಸ್ವಲ್ಪ ಅಡಿಕೆ. ಜತೆಗೆ ದುಡಿಯುವವನು ನನ್ನ ತಮ್ಮ. ಅವನಿಗೆ ಮೂವತ್ತಮೂರನೇ ವಯಸ್ಸಿನಲ್ಲಿ ಬೇಧಿಯ ಜತೆ ರಕ್ತ ಹೋಗಲು ಶುರುವಾಯಿತು. ನಾಚಿಕೆಗೆ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ನಾವೆಲ್ಲ ಸೇರಿ 'ಮೂಲವ್ಯಾಧಿ' ಎಂದು ತೀರ್ಪು ಕೊಟ್ಟೆವು. ಮೂಲಂಗಿ ರಸ, ಮಜ್ಜಿಗೆ, ಸಂತೆಯ ಮುಲಾಮು ಎಲ್ಲ ಆಯಿತು. ದಿನಕ್ಕೆ ಎಂಟು ಹತ್ತು ಸಲ ಬಯಲಿಗೆ ಓಡುವಂತಾಗಿ, ಮೈ ತೂಕ ಇಳಿದು, ನೇಗಿಲು ಹಿಡಿದವನು ಚೊಂಬು ಹಿಡಿದೇ ಕೂತ ಮೇಲೆ ದಾವಣಗೆರೆಗೆ ಕರೆದೊಯ್ದೆ. ಹಿಂದಿನಿಂದ ಕ್ಯಾಮೆರಾ ಪೈಪು ಹಾಕಿ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿ, ಕಾಯಿಲೆಯ ಹೆಸರು ಹೇಳಿದರು: ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಉರಿ ಎದ್ದು ಹುಣ್ಣಾಗುವುದು.

ಮಾತ್ರೆ ಶುರು ಮಾಡಿದರು. ಮೂರನೇ ವಾರಕ್ಕೆ ರಕ್ತ ನಿಂತಿತು. ಮೂರನೇ ತಿಂಗಳಿಗೆ ತಮ್ಮ ಮತ್ತೆ ಕುಂಟೆ ಹೊಡೆಯುತ್ತಿದ್ದ. ಡಾಕ್ಟರು ಹೇಳಿದ್ದು ಒಂದೇ ಮಾತು: "ಆರಾಮಾಯ್ತು ಅಂತ ಮಾತ್ರೆ ಬಿಡಬೇಡಪ್ಪ. ಇದು ಮಲಗುವ ಕಾಯಿಲೆ, ಹೋಗುವ ಕಾಯಿಲೆ ಅಲ್ಲ."

ಬಿಟ್ಟ. ಬಿಡಿಸಿದ್ದು ನಾನು.

ಡಬ್ಬಿ ಬಂದದ್ದು

ಸಂಬಂಧಿಕರೊಬ್ಬರು ಜಾತ್ರೆಗೆ ಬಂದಾಗ ಒಂದು ಡಬ್ಬಿ ತಂದುಕೊಟ್ಟರು. ಮರದ ಅಂಟಿನ ಪುಡಿ, ಗುಳಿಗೆಯಲ್ಲಿ ತುಂಬಿದ್ದು. "ಇಂಗ್ಲಿಷ್ ಮಾತ್ರೆ ಕರುಳು ಸುಡ್ತೈತಿ. ಇದು ನಮ್ಮ ಧೂಪ, ದೇವರ ಮುಂದೆ ಹಾಕೋ ಸಾಮಾನು. ಇದರಿಂದ ಏನು ಕೆಡುಕು?" ಎಂದರು. ನನಗೆ ಹಿಡಿಸಿದ್ದು ಆ ಕೊನೆಯ ಮಾತು. ನಮ್ಮ ಕಡೆ ವೀರಭದ್ರ ದೇವರಿಗೆ ಗುಗ್ಗಳ ಎತ್ತುವುದು ಎಲ್ಲರಿಗೂ ಗೊತ್ತು. ದರ್ಗಾದಲ್ಲಿ ಲೋಬಾನದ ಹೊಗೆ ಗೊತ್ತು. ಬಾಣಂತಿಗೆ ಅಂಟಿನುಂಡೆ ಗೊತ್ತು. ಹುಟ್ಟಿದಾಗಿನಿಂದ ಮೂಸಿದ ವಸ್ತು ಕೇಡು ಮಾಡುತ್ತದೆಂದು ಯಾರು ನಂಬುತ್ತಾರೆ?

ಮಾತ್ರೆ ನಿಂತಿತು, ಗುಳಿಗೆ ಶುರುವಾಯಿತು. ನಾಲ್ಕು ತಿಂಗಳು ತಮ್ಮ ಗಟ್ಟಿಮುಟ್ಟಾಗಿದ್ದ. ನಾನು ಊರೂರಲ್ಲಿ ಹೇಳಿಕೊಂಡು ತಿರುಗಿದೆ. ಹೊಟ್ಟೆನೋವು ಎಂದವರಿಗೆಲ್ಲ ಅದೇ ಡಬ್ಬಿಯ ಹೆಸರು ಬರೆದುಕೊಟ್ಟೆ. ಅವರಲ್ಲಿ ಒಬ್ಬಳು ಪಕ್ಕದೂರಿನ ಹೆಣ್ಣುಮಗಳು. ಅವಳಿಗೂ ಇದೇ ಕಾಯಿಲೆ, ಅವಳೂ ಮಾತ್ರೆ ತಿನ್ನುತ್ತಿದ್ದಳು.

ಐದನೇ ತಿಂಗಳು, ಮೆಕ್ಕೆಜೋಳ ಮುರಿಯುವ ಹೊತ್ತಿಗೆ, ತಮ್ಮನಿಗೆ ಒಂದೇ ರಾತ್ರಿ ಹದಿನೈದು ಸಲ ರಕ್ತ ಹೋಯಿತು. ಅಂಬ್ಯುಲೆನ್ಸಿನಲ್ಲಿ "ಅಣ್ಣಾ, ಕಣ್ಣು ಕತ್ತಲಾಗ್ತೈತಿ" ಎಂದ ಮಾತು ಈಗಲೂ ಕಿವಿಯಲ್ಲಿದೆ. ಮೂರು ಬಾಟ್ಲಿ ರಕ್ತ ಏರಿಸಿದರು. ಹನ್ನೆರಡು ದಿನ ಆಸ್ಪತ್ರೆ. ಆ ವರ್ಷದ ಮೆಕ್ಕೆಜೋಳ ಅಲ್ಲಿಗೇ ಹೋಯಿತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಜಮಾನ್ರೇ, ಇನ್ನೆರಡು ದಿನ ತಡ ಮಾಡಿದ್ದರೆ ಕರುಳೇ ತೆಗೀಬೇಕಾಗಿತ್ತು" ಎಂದರು, ಅಷ್ಟೆ.

ಊರಿಗೆ ಬಂದವನು ಮನೆಗೆ ಹೋಗಲಿಲ್ಲ. ಸೀದಾ ಆ ಹೆಣ್ಣುಮಗಳ ಮನೆಗೆ ಹೋಗಿ, "ಯವ್ವಾ, ನಾ ಹೇಳಿದ್ದು ತಪ್ಪು. ಮಾತ್ರೆ ಬಿಟ್ಟಿದ್ದರೆ ಇವತ್ತೇ ಡಾಕ್ಟರ ಹತ್ರ ಹೋಗು" ಎಂದೆ. ಅವಳು ನಕ್ಕು, "ನಾ ಬಿಟ್ಟೇ ಇಲ್ಲ ಕಣಣ್ಣ. ಎರಡೂ ತಿಂತಿದ್ದೆ" ಎಂದಳು. ಅವಳ ಜಾಣತನ ನನ್ನನ್ನು ಉಳಿಸಿತು. ಅವಳು ನನ್ನ ಮಾತು ಪೂರ್ತಿ ಕೇಳಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ.

ಹಾಗಾದರೆ ಅಂಟು ಸುಳ್ಳೇ?

ಇಲ್ಲಿಗೆ ನಿಲ್ಲಿಸಿದ್ದರೆ 'ನಾಟಿ ಮದ್ದೆಲ್ಲ ಮೋಸ' ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಬೀಜ ಮೊಳೆಯದಿದ್ದರೆ ಬೀಜದ್ದೇ ತಪ್ಪೋ, ಬಿತ್ತಿದವನ ತಪ್ಪೋ ನೋಡಬೇಕಲ್ಲ? ಓದಿದವರನ್ನು ಕೇಳಿ, ಇಬ್ಬರು ವೈದ್ಯರ ಹತ್ತಿರ ಕೂತು ತಿಳಿದುಕೊಂಡೆ. ಸಂಗತಿ ನಾನು ತಿಳಿದಷ್ಟು ಸುಲಭವಾಗಿಲ್ಲ.

ಈ ಅಂಟು ಬರುವ ಮರಕ್ಕೆ ಆಯುರ್ವೇದದಲ್ಲಿ ಶಲ್ಲಕಿ ಎಂದು ಹೆಸರು, ಅಂಟಿಗೆ ಕುಂದುರು. ಹಿಂದಿಯವರು ಸಲೈ ಗುಗ್ಗುಲು ಎನ್ನುತ್ತಾರೆ. ಶಾಸ್ತ್ರದ ಹೆಸರು ಬೋಸ್ವೆಲಿಯಾ ಸೆರೇಟಾ. ಕನ್ನಡದಲ್ಲಿ ಮಡ್ಡಿ, ಚಿಲಕಧೂಪ ಎಂಬ ಹೆಸರುಗಳಿವೆ. ಮಳೆ ಕಡಿಮೆ ಇರುವ ಕಲ್ಲುಗುಡ್ಡದ ಮರ ಇದು. ತೊಗಟೆ ಕಾಗದದ ಹಾಗೆ ಪದರ ಪದರವಾಗಿ ಏಳುತ್ತದೆ. ಎಲೆ ದೂರಕ್ಕೆ ಬೇವಿನಂತೆ ಕಾಣುತ್ತದೆ, ಅಂಚು ಗರಗಸದಂತೆ. ಎಲೆ ಉದುರಿ ಬೋಳಾಗಿದ್ದಾಗಲೇ ಹೂ ಬಿಡುತ್ತದೆ. ಅರೇಬಿಯಾ, ಆಫ್ರಿಕಾ ಕಡೆಯಿಂದ ಬರುವ ಲೋಬಾನ ಇದರ ಅಣ್ಣತಮ್ಮಂದಿರ ಜಾತಿಯದು.

ಅಂಟಿನಲ್ಲಿ ಬೋಸ್ವೆಲಿಕ್ ಆಮ್ಲ ಎಂಬ ಸತ್ವಗಳಿವೆ. ನಮ್ಮ ಮೈಯಲ್ಲಿ ಊತ, ಉರಿ ಏಳಿಸುವ ಕೆಲವು ವಸ್ತುಗಳಿಗೆ ಲ್ಯೂಕೋಟ್ರೈನ್ ಎನ್ನುತ್ತಾರೆ. ಅವನ್ನು ತಯಾರಿಸುವ ಒಂದು ಕಿಣ್ವವನ್ನು ಈ ಆಮ್ಲಗಳು ತಡೆಯುತ್ತವೆಂದು ಜರ್ಮನಿಯ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದರು. ಅಂದರೆ ಅಜ್ಜಂದಿರು ಕೀಲುನೋವಿಗೂ ಊತಕ್ಕೂ ಇದನ್ನು ಬಳಸಿದ್ದಕ್ಕೆ ಏನೋ ಅರ್ಥವಿತ್ತು.

ಆದರೆ ಗಾಜಿನ ಕೊಳವೆಯಲ್ಲಿ ಆದದ್ದು ಹೊಟ್ಟೆಯಲ್ಲಿ ಆಗಲೇಬೇಕೆಂದಿಲ್ಲ. ಕುಂಡದಲ್ಲಿ ಬಂದ ಬೆಳೆ ಹೊಲದಲ್ಲಿ ಬರುತ್ತದೆಂದು ನಾವು ನಂಬುತ್ತೇವೆಯೇ? ಮನುಷ್ಯರ ಮೇಲೆ ನೋಡಬೇಕು, ಪಕ್ಕದಲ್ಲಿ ಇನ್ನೊಂದು ತಾಕು ಇಟ್ಟು ನೋಡಬೇಕು. ಹಾಗೂ ನೋಡಿದ್ದಾರೆ.

ಪಕ್ಕದ ತಾಕಿನ ಲೆಕ್ಕ

1997ರಲ್ಲಿ ಜಮ್ಮುವಿನ ವೈದ್ಯರು ಜರ್ಮನಿಯವರ ಜತೆ ಸೇರಿ, ನನ್ನ ತಮ್ಮನಂಥದೇ ಕಾಯಿಲೆಯವರಿಗೆ ಈ ಅಂಟನ್ನು 350 ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಸಲ ಆರು ವಾರ ಕೊಟ್ಟರು. ಹೋಲಿಕೆಗೆ ಇನ್ನು ಕೆಲವರಿಗೆ ಸಲ್ಫಾಸಲಜೀನ್ ಎಂಬ ಹಳೇ ಮಾತ್ರೆ. ಅಂಟು ತಿಂದವರಲ್ಲಿ ನೂರಕ್ಕೆ 82 ಮಂದಿಯ ಕಾಯಿಲೆ ಶಮನವಾಯಿತು, ಮಾತ್ರೆಯವರಲ್ಲಿ 75. ಕೇಳಲು ಎಷ್ಟು ಚೆಂದ! ಆದರೆ ಮಾತ್ರೆಯ ತಾಕಿನಲ್ಲಿದ್ದವರು ಬರೀ ಎಂಟು ಮಂದಿ. ಎಂಟು ಗಿಡ ನೋಡಿ ತಳಿಯ ಗುಣ ಹೇಳುವ ಹಾಗೆ ಇದು.

2001ರಲ್ಲಿ ಅದೇ ತಂಡ ಮತ್ತೊಮ್ಮೆ ನೋಡಿತು. ಒಟ್ಟು 30 ಮಂದಿ. ಅಂಟು ತಿಂದ 20ರಲ್ಲಿ 14 ಮಂದಿಗೆ, ಮಾತ್ರೆಯ 10ರಲ್ಲಿ 4 ಮಂದಿಗೆ ಶಮನವಾಯಿತು. ಇದೂ ಅಂಟಿನ ಪರವಾಗಿಯೇ ಇದೆ, ಆದರೆ ತಾಕು ಸಣ್ಣದು, ಆರೇ ವಾರದ ಬೆಳೆ. ಅದೇ ವರ್ಷ ಜರ್ಮನಿಯಲ್ಲಿ ಕ್ರೋನ್ಸ್ ಎಂಬ ಸೋದರ ಕಾಯಿಲೆಯ ನೂರೆರಡು ಮಂದಿಯ ಮೇಲೆ ಅಂಟಿನ ಸಾರವನ್ನೂ ಮೆಸಲಜೀನ್ ಮಾತ್ರೆಯನ್ನೂ ಹೋಲಿಸಿದರು. ಅಂಟು ಮಾತ್ರೆಗಿಂತ ಕಡಿಮೆಯಲ್ಲ ಎಂದು ಕಂಡಿತು.

ಇಲ್ಲಿಗೆ ಓದು ನಿಲ್ಲಿಸಿದವರೇ ಡಬ್ಬಿ ಮಾರುವವರು. ಮುಂದಿನ ಪುಟ ಹೀಗಿದೆ. 2011ರಲ್ಲಿ ಜರ್ಮನಿಯಿಂದಲೇ ಇನ್ನೊಂದು ವರದಿ ಬಂತು. ಕ್ರೋನ್ಸ್ ಶಮನವಾಗಿದ್ದವರಿಗೆ ಒಂದು ವರ್ಷ, ಅಂದರೆ 52 ವಾರ ಕೊಟ್ಟು ನೋಡಿದ್ದು. ಅರ್ಧ ಜನಕ್ಕೆ ಅಂಟಿನ ಗುಳಿಗೆ, ಅರ್ಧ ಜನಕ್ಕೆ ನೋಡಲು ಅದೇ ತರಹದ ಖಾಲಿ ಗುಳಿಗೆ. ಯಾರದು ಯಾವುದೆಂದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಕೊನೆಗೆ ಅಂಟು ತಿಂದವರಲ್ಲಿ ನೂರಕ್ಕೆ 59.9 ಮಂದಿ ಆರಾಮಾಗಿ ಉಳಿದಿದ್ದರು. ಖಾಲಿ ಗುಳಿಗೆ ತಿಂದವರಲ್ಲಿ 55.3. ಈ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಅಂಟಿನಿಂದ ದೊಡ್ಡ ತೊಂದರೆಯಾಗಲಿಲ್ಲ ಎಂಬುದೊಂದೇ ಸಮಾಧಾನ.

ಈ 55.3 ಎನ್ನುವ ಅಂಕಿಯನ್ನು ದಯವಿಟ್ಟು ಇನ್ನೊಮ್ಮೆ ಓದಿ. ನನ್ನ ಕಣ್ಣು ತೆರೆಸಿದ್ದು ಅದೇ. ಏನೂ ಇಲ್ಲದ ಗುಳಿಗೆ ತಿಂದು ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷವಿಡೀ ಚೆನ್ನಾಗಿದ್ದರು! ಯಾಕೆಂದರೆ ಈ ಕಾಯಿಲೆಯ ಸ್ವಭಾವವೇ ಹಾಗೆ. ಕೆಲವು ತಿಂಗಳು ತಾನಾಗಿ ಮಲಗುತ್ತದೆ, ತಾನಾಗಿ ಏಳುತ್ತದೆ. ನನ್ನ ತಮ್ಮ ನಾಲ್ಕು ತಿಂಗಳು ಗಟ್ಟಿಯಾಗಿದ್ದದ್ದು ಅಂಟಿನಿಂದಲೋ, ಹಿಂದೆ ತಿಂದ ಮಾತ್ರೆಯ ಉಳಿಕೆ ಗುಣದಿಂದಲೋ, ಕಾಯಿಲೆ ತಾನೇ ಮಲಗಿದ್ದರಿಂದಲೋ ಯಾರು ಹೇಳಬಲ್ಲರು? ಪಕ್ಕದಲ್ಲಿ ಇನ್ನೊಂದು ತಾಕು ಇರಲಿಲ್ಲ. ಮಳೆ ಹದವಾಗಿ ಬಂದ ವರ್ಷ ಯಾವ ಗೊಬ್ಬರ ಹಾಕಿದರೂ ಒಳ್ಳೇ ಗೊಬ್ಬರವೇ. ಅದನ್ನು ನಂಬಿ ಊರಿಗೆಲ್ಲ ಅದೇ ಗೊಬ್ಬರ ಹೇಳಿದವನು ನಾನು.

ಧೂಪ ಅಂದರೆ ಯಾವ ಧೂಪ?

ಇನ್ನೊಂದು ಮಾತು. ಜಮ್ಮುವಿನವರು, ಜರ್ಮನಿಯವರು ಕೊಟ್ಟದ್ದು ಯಾವ ಮರದ್ದು, ಎಷ್ಟು ಸತ್ವದ್ದು ಎಂದು ತೂಗಿ ನೋಡಿದ ಅಂಟು. ನಮ್ಮ ಡಬ್ಬಿಯಲ್ಲಿ ಏನಿತ್ತು?

ನಮ್ಮ ಭಾಷೆಯಲ್ಲಿ 'ಧೂಪ' ಒಂದು ಮರವಲ್ಲ. ಮಲೆನಾಡಿನವರು ಸಾಲುಧೂಪ ಎನ್ನುವುದು ಬೇರೆ ಮರ, ಕರಿಧೂಪ ಎನ್ನುವುದು ಇನ್ನೊಂದು. ಊದುಬತ್ತಿಗೆ ಹಾಕುವ ಹಾಲ್ಮಡ್ಡಿ ಮತ್ತೊಂದು ಮರದ್ದು. ರಾಳ ಎಂದು ಅಂಗಡಿಯಲ್ಲಿ ಕೊಡುವುದು ಉತ್ತರದ ಸಾಲ ಮರದ್ದಿರಬಹುದು. ಗುಗ್ಗುಳ ಎಂದರೆ ರಾಜಸ್ಥಾನ, ಗುಜರಾತಿನ ಮುಳ್ಳುಪೊದೆಯ ಅಂಟು. ಅದು ಮಡ್ಡಿಯ ನೆಂಟ ಹೌದು, ಮಡ್ಡಿಯಲ್ಲ. ಕರುಳಿನ ಕಾಯಿಲೆಗೆ ಪರೀಕ್ಷೆ ಮಾಡಿದ್ದು ಇವೆಲ್ಲದರಲ್ಲಿ ಮಡ್ಡಿಯನ್ನು. ಹೆಸರು ಒಂದೇ ಎಂದು ಬೇರೆ ಮರದ ಅಂಟು ತಿನ್ನುವುದು, ಜೋಳ ಎಂದು ಕೇಳಿ ಮೆಕ್ಕೆಜೋಳ ತಂದ ಹಾಗೆ.

ಬಾಣಂತಿಯ ಅಂಟಿನುಂಡೆಯ ಕಥೆಯಂತೂ ಬೇರೆಯೇ. ಜಾಲಿ, ದಿಂಡಿಗದ ಮರದಿಂದ ಬರುವುದು ಬರೀ ಅಂಟು, ಅದರಲ್ಲಿ ರಾಳವಿಲ್ಲ. ಒಂದು ಚೂರು ನೀರಿಗೆ ಹಾಕಿ, ಉಬ್ಬಿ ಕರಗುತ್ತದೆ. ಕೆಂಡಕ್ಕೆ ಹಾಕಿ, ಪರಿಮಳದ ಹೊಗೆ ಬರುವುದಿಲ್ಲ, ಸುಟ್ಟು ಕರಿಯಾಗುತ್ತದೆ. ಮಡ್ಡಿಯಲ್ಲಿ ಅಂಟೂ ಇದೆ, ರಾಳವೂ ಇದೆ. ನೀರಲ್ಲಿ ಅರೆದರೆ ನೀರು ಹಾಲಿನಂತಾಗುತ್ತದೆ, ಕೆಂಡದಲ್ಲಿ ಕರಗಿ ಪರಿಮಳದ ಹೊಗೆ ಎದ್ದೇಳುತ್ತದೆ. ಅಂಟೋ ರಾಳವೋ ಎಂದು ತಿಳಿಯಲು ಈ ಪರೀಕ್ಷೆ ಸಾಕು. ಯಾವ ಮರದ್ದು, ಎಷ್ಟು ಸತ್ವದ್ದು, ಕಲಬೆರಕೆ ಇದೆಯೋ ಇಲ್ಲವೋ ಎನ್ನುವುದು ಇದರಿಂದ ತಿಳಿಯದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಡಬ್ಬಿಯನ್ನು ತಿರುಗಿಸಿ ಓದುವ ಅಭ್ಯಾಸ ನಮಗಿಲ್ಲ. ಗೊಬ್ಬರದ ಚೀಲದ ಮೇಲಿನ ಎನ್‌ಪಿಕೆ ಓದುತ್ತೇವೆ, ಹೊಟ್ಟೆಗೆ ಹೋಗುವ ಡಬ್ಬಿ ಓದುವುದಿಲ್ಲ. ನಾನು ಕೊನೆಗೂ ಓದಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು. ಅದರಲ್ಲಿ ಆಹಾರ ಪೂರಕ ಎಂದಿತ್ತು, 'ಔಷಧವಾಗಿ ಬಳಸಲು ಅಲ್ಲ' ಎಂದು ಸಣ್ಣ ಅಕ್ಷರದಲ್ಲಿತ್ತು. ಆಹಾರ ಪೂರಕವೆಂದು ಮಾರುವವರು ಹಾಗೆ ಬರೆಯಲೇಬೇಕೆಂದು ಕಾನೂನಿದೆ. ಡಬ್ಬಿಯೇ 'ನಾನು ಮದ್ದಲ್ಲ' ಎಂದು ಹೇಳುತ್ತಿತ್ತು. ಮದ್ದು ಎಂದವರು ನಾವು.

ಮರದ ಕಡೆಯಿಂದ ಒಂದು ಮಾತು

ಕೃಷಿಕರ ಪತ್ರಿಕೆಯಲ್ಲಿ ಮರದ ಮಾತು ಬಿಟ್ಟರೆ ಹೇಗೆ? ಅಂಟಿಗೆ ಬೇಡಿಕೆ ಬಂದ ಕೂಡಲೇ ಮಚ್ಚು ಏಳುತ್ತದೆ. ಗುಗ್ಗುಳದ ಗತಿ ನೋಡಿ. ಮಿತಿ ಮೀರಿ ಕೊರೆದು, ಗಾಯಕ್ಕೆ ರಾಸಾಯನಿಕ ಹಚ್ಚಿ ಹೆಚ್ಚು ಅಂಟು ಹಿಂಡಿ, ಗಿಡವೇ ಸಾಯುವಂತೆ ಮಾಡಿದ್ದರಿಂದ ಅದು ಇವತ್ತು ಜಗತ್ತಿನ ಅತಿ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಯಲ್ಲಿದೆ. ಮಲೆನಾಡಿನ ಕರಿಧೂಪದ ಬುಡಕ್ಕೆ ಬೆಂಕಿ ಇಟ್ಟು ಅಂಟು ಇಳಿಸಿ ಮರಗಳನ್ನು ಕೊಂದದ್ದುಂಟು. ಇಥಿಯೋಪಿಯಾ ಕಡೆಯ ಲೋಬಾನದ ಮರಗಳಲ್ಲಿ ಎಳೆಯ ಸಸಿಗಳೇ ಮೇಲೇಳುತ್ತಿಲ್ಲ, ಇಪ್ಪತ್ತು ವರ್ಷದಲ್ಲಿ ಅಂಟಿನ ಇಳುವರಿ ಅರ್ಧಕ್ಕೆ ಇಳಿಯಬಹುದು ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ದೇಶದ ಮಡ್ಡಿಯೂ ಕಡಿಮೆ ಪೆಟ್ಟು ತಿಂದಿಲ್ಲ. ಮಧ್ಯಪ್ರದೇಶದ ನೇಪಾನಗರದ ಕಾರ್ಖಾನೆ ಇದೇ ಮರ ಅರೆದು ಪತ್ರಿಕೆಯ ಕಾಗದ ಮಾಡುತ್ತಿತ್ತು.

ಒಂದು ದೊಡ್ಡ ಮರ ವರ್ಷಕ್ಕೆ ಕೊಡುವುದು ಒಂದು ಕೆ.ಜಿ. ಆಸುಪಾಸಿನ ಅಂಟು. ಬೀಜ ಮೊಳೆಯುವುದು ಕಡಿಮೆ, ಕೊಂಬೆ ನೆಟ್ಟು ಬದುಕಿಸಬೇಕು. ನೆಟ್ಟವನು ಅಂಟು ಇಳಿಸುವ ಹೊತ್ತಿಗೆ ಅವನ ಮಗನ ಮದುವೆಯಾಗಿರುತ್ತದೆ. ಆದ್ದರಿಂದ 'ಸಸಿ ಕೊಡ್ತೀವಿ, ಅಂಟು ನಾವೇ ಕೊಳ್ತೀವಿ' ಎಂದು ಯಾರಾದರೂ ಬಂದರೆ ಆ ಹಳೇ ಎರಡು ಪ್ರಶ್ನೆಗಳನ್ನೇ ಕೇಳಿ. ಬದುವಿನ ಮೇಲೆ, ಕಲ್ಲುಬೋರೆಯಲ್ಲಿ ನಾಲ್ಕು ಮರ ನೆಡಲು ನನ್ನ ತಕರಾರಿಲ್ಲ, ನಾನೂ ನೆಡುವವನಿದ್ದೇನೆ. ಶೇಂಗಾದ ಹೊಲ ಕಿತ್ತು ನೆಡಬೇಡಿ.

ಬೆಳೆದವರೇ ತಮ್ಮ ಅಂಟಿನ ಮಾನ ಕಾಪಾಡಿದ ಉದಾಹರಣೆಯೂ ಇದೆ. ಗ್ರೀಸ್ ದೇಶದ ಕಿಯೋಸ್ ಎಂಬ ದ್ವೀಪದಲ್ಲಿ ಮಸ್ತಿಕ್ ಎಂಬ ಅಂಟಿನ ಗಿಡ ಬೆಳೆಯುತ್ತಾರೆ. ನಮ್ಮಲ್ಲಿ ರುಮಿ ಮಸ್ತಕಿ ಎನ್ನುವುದು ಅದನ್ನೇ. ಅಲ್ಲಿನ ಹಳ್ಳಿಗಳ ಬೆಳೆಗಾರರು 1938ರಲ್ಲಿ ಸಂಘ ಕಟ್ಟಿಕೊಂಡರು. ಅಂಟು ಸಂಘಕ್ಕೇ ಬರುತ್ತದೆ, ಅಲ್ಲೇ ಆರಿಸಿ ದರ್ಜೆ ಮಾಡುತ್ತಾರೆ, ಆ ದ್ವೀಪದ್ದಲ್ಲದ್ದಕ್ಕೆ ಆ ಹೆಸರು ಇಡುವಂತಿಲ್ಲ. ಕ್ರೋನ್ಸ್ ಕಾಯಿಲೆಗೂ ಅದನ್ನು ಕೊಟ್ಟು ನೋಡಿದ್ದಾರೆ, ಹತ್ತು ಮಂದಿಯ ಮೇಲೆ ನಾಲ್ಕು ವಾರ, ಒಳ್ಳೆಯ ಸೂಚನೆ ಕಂಡಿತು. ಆದರೂ ಯುರೋಪಿನ ಔಷಧ ಸಂಸ್ಥೆ ಸಾಂಪ್ರದಾಯಿಕ ಮದ್ದೆಂದು ಅದನ್ನು ಒಪ್ಪಿಕೊಂಡದ್ದು ಸಣ್ಣಪುಟ್ಟ ಅಜೀರ್ಣಕ್ಕೆ, ಚರ್ಮದ ಸಣ್ಣ ಉರಿಗೆ ಮಾತ್ರ. ಬೆಳೆದವರ ಸಂಘ ಗಟ್ಟಿಯಾಗಿದ್ದರೂ ತಿನ್ನುವವನಿಗೆ ಹೇಳುವ ಮಾತು ಅಳತೆಯಲ್ಲಿದೆ. ನಮಗೆ ಬೇಕಾದದ್ದು ಇದು.

ಹೇಳಬೇಕಾದ್ದು ಇಷ್ಟು

ನನ್ನ ಮಾತಿಗೆ ಎರಡು ಕಡೆಯಿಂದಲೂ ಬೈಗುಳ ಬರಬಹುದು. 'ಪೂರ್ವಿಕರ ಮದ್ದಿಗೆ ಕೆಸರು ಎರಚ್ತಾನೆ' ಎಂದು ಒಬ್ಬರು, 'ಮರದ ಅಂಟಿಗೆ ವಕಾಲತ್ತು ಮಾಡ್ತಾನೆ' ಎಂದು ಇನ್ನೊಬ್ಬರು. ನಾನು ಹೇಳುವುದು ಮೂರನೆಯದು. ಮಡ್ಡಿಯಲ್ಲಿ ಗುಣ ಇರಬಹುದು, ಇದೆ ಎನ್ನುವ ಸೂಚನೆ ಇದೆ. ಆದರೆ ಈವರೆಗೆ ನೋಡಿದ ತಾಕುಗಳು ಸಣ್ಣವು, ಒಂದರ ಫಲ ಇನ್ನೊಂದಕ್ಕೆ ತಾಳೆಯಿಲ್ಲ. ಅಷ್ಟರ ಮೇಲೆ ನಡೆಯುವ ಮಾತ್ರೆ ಬಿಟ್ಟು ಅಂಟು ನಂಬುವುದು, ನಡೆಯುವ ಬೋರು ಮುಚ್ಚಿ ಹೊಸ ಪಾಯಿಂಟಿಗೆ ತೆಂಗಿನಕಾಯಿ ಒಡೆದ ಹಾಗೆ.

ಬೇಧಿಯಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾವೇ ತೀರ್ಪು ಕೊಡುವುದು ಬೇಡ. ಆಮಶಂಕೆ ಇರಬಹುದು, ಕರುಳಿನ ಕ್ಷಯ ಇರಬಹುದು, ಗಂಟೂ ಇರಬಹುದು. ಕರುಳಿನ ಕ್ಷಯಕ್ಕೂ ಕ್ರೋನ್ಸ್‌ಗೂ ವ್ಯತ್ಯಾಸ ಹೇಳುವುದು ನಮ್ಮ ದೇಶದಲ್ಲಿ ತಜ್ಞರಿಗೇ ಕಷ್ಟ. ಮದ್ದು ಮಾತ್ರ ಎರಡಕ್ಕೂ ಪೂರ್ತಿ ಬೇರೆ. ಎರಡು ವಾರ ಮೀರಿದ ಬೇಧಿ, ರಕ್ತ, ರಾತ್ರಿ ಎಬ್ಬಿಸುವ ಹೊಟ್ಟೆ, ಇಳಿಯುವ ತೂಕ, ಇವುಗಳಲ್ಲಿ ಒಂದಿದ್ದರೂ ನಾಚಿಕೆ ಬಿಟ್ಟು ಪರೀಕ್ಷೆ ಮಾಡಿಸಿ.

ಕಾಯಿಲೆ ಮಲಗಿದ್ದಾಗಲೂ ಮಾತ್ರೆ ನಿಲ್ಲಿಸಬೇಡಿ. ಅದರಲ್ಲೂ ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ಬಿಡುವುದು ಜೀವಕ್ಕೇ ಅಪಾಯ. ಎಷ್ಟೆಷ್ಟಾಗಿ ಇಳಿಸಬೇಕೆಂದು ಡಾಕ್ಟರೇ ಹೇಳಬೇಕು. ಈ ಕಾಯಿಲೆ ಎಂಟು ಹತ್ತು ವರ್ಷ ಹಳೆಯದಾದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಆರಾಮಿದ್ದರೂ ಡಾಕ್ಟರು ಹೇಳಿದಾಗ ಕ್ಯಾಮೆರಾ ಪರೀಕ್ಷೆಗೆ ಹೋಗಬೇಕು.

ಅಂಟಿನ ಗುಳಿಗೆ ತಿನ್ನಲೇಬೇಕೆಂದಿದ್ದರೆ ಮುಚ್ಚಿಡಬೇಡಿ. ಡಬ್ಬಿಯನ್ನೇ ಡಾಕ್ಟರ ಮೇಜಿನ ಮೇಲೆ ಇಡಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಬಸುರಿಯರು, ಹಾಲೂಡಿಸುವವರು ಕೇಳದೆ ಮುಟ್ಟಬೇಡಿ. ಕೆಲವರಿಗೆ ಹೊಟ್ಟೆ ತೊಳಸುವುದು, ಎದೆಯುರಿ, ಬೇಧಿ ಆಗುತ್ತದೆ. ಡಬ್ಬಿಯ ಮೇಲೆ ಮರದ ಹೆಸರು, ಸತ್ವದ ಪ್ರಮಾಣ, ಲೈಸೆನ್ಸ್ ನಂಬರು ಇಲ್ಲದಿದ್ದರೆ ಕೊಳ್ಳಬೇಡಿ. ಸಂತೆಯ ಧೂಪ ದೇವರಿಗಿರಲಿ, ಅರೆದು ಕುಡಿಯಬೇಡಿ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು ಸಲ ಹೋದಿರಿ, ರಕ್ತ ಇತ್ತೋ ಇಲ್ಲವೋ, ತೂಕ ಎಷ್ಟು ಎಂದು ಬರೆದಿಡಿ. ಹಾಲಿನ ಲೆಕ್ಕ ಬರೆಯುವವರಿಗೆ ಇದೇನು ಕಷ್ಟವಲ್ಲ. ನನ್ನ ತಮ್ಮನ ಕಾಯಿಲೆ ಮತ್ತೆ ಏಳುವ ಮುಂಚಿನ ಎರಡು ವಾರ ಅವನು ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದನಂತೆ. ಬರೆದಿದ್ದರೆ ಕಾಣುತ್ತಿತ್ತು.

ತಮ್ಮ ಈಗ ಚೆನ್ನಾಗಿದ್ದಾನೆ. ದಿನಾ ಮಾತ್ರೆ ತಿನ್ನುತ್ತಾನೆ. ಡಾಕ್ಟರನ್ನು ಕೇಳಿ, ಅವರು ನೋಡಿ ಒಪ್ಪಿದ ಮಡ್ಡಿಯ ಗುಳಿಗೆಯನ್ನೂ ಊಟದ ಜತೆ ತಿನ್ನುತ್ತಾನೆ. ಅದರಿಂದ ಎಷ್ಟು ಗುಣ, ಮಾತ್ರೆಯಿಂದ ಎಷ್ಟು ಗುಣ ಎಂದು ನನ್ನನ್ನು ಕೇಳಬೇಡಿ. ಪಕ್ಕದ ತಾಕು ಇಲ್ಲದೆ ಹೇಳುವುದನ್ನು ಬಿಟ್ಟಿದ್ದೇನೆ.

ನಾನು ಡಬ್ಬಿಯ ಹೆಸರು ಬರೆದುಕೊಟ್ಟ ನಾಲ್ವರಲ್ಲಿ ಮೂವರನ್ನು ಹುಡುಕಿ ಹೇಳಿಯಾಗಿದೆ. ನಾಲ್ಕನೆಯವರು ಬಸ್ಸಿನಲ್ಲಿ ಪಕ್ಕ ಕೂತಿದ್ದವರು. ಕೊಟ್ಟೂರಿನ ಕಡೆಯವರು, ಊರು ಕೇಳಲಿಲ್ಲ. ಅವರ ಮಗನಿಗೆ ಇದೇ ಕಾಯಿಲೆ ಎಂದಿದ್ದರು. ಅವರ ಕೈಗೆ ಈ ಪತ್ರಿಕೆ ಸಿಗಲಿ ಎಂದೇ ಇಷ್ಟುದ್ದ ಬರೆದೆ. ನೀವು ಓದಿ ಮುಗಿಸಿದ ಮೇಲೆ ಆ ಕಡೆಯ ನೆಂಟರಿಗೆ ಕೊಡಿ.

ಯಜಮಾನ್ರೇ, ನೀವೇ ಓದುತ್ತಿದ್ದರೆ: ಹುಡುಗನ ಮಾತ್ರೆ ಬಿಡಿಸಬೇಡಿ. ಬಿಡಿಸಿದ್ದರೆ ನಾಳೆ ಬೆಳಗಿನ ಮೊದಲ ಬಸ್ಸಿಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.